ಹೆಚ್ಚಾದ ಮೇಷ್ಟ್ರು

ಅನಂತರಾಮಯ್ಯನವರ ಫಜೀತಿಗೆಲ್ಲ ಮೂಲ ಒಂದು ಮತಪತ್ರ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಅವರು ಆ ವರ್ಷ ಉಪಾಧ್ಯಾಯರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಓಟು ಹಾಕಿ ಬಂದರು. ಅದು ಸುಮ್ಮನೆ ಪೆಟ್ಟಿಗೆಯೊಳಕ್ಕೆ ಚೀಟಿ ತುರುಕುವ ಓಟಲ್ಲ. ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು. ಒಂದನೆಯವನಿಗೆ ಬೇಕಾದ್ದಕ್ಕಿಂತ ಹೆಚ್ಚು ಓಟು ಬಿದ್ದರೆ, ಅಥವಾ ಅವನು ಪೂರಾ ಮುಳುಗಿಯೇ ಹೋದರೆ, ಆ ಓಟು ಹಾಳಾಗುವುದಿಲ್ಲ. ಎದ್ದು ಎರಡನೆಯವನ ಹತ್ತಿರ ಹೋಗುತ್ತದೆ. ಕೂಡುವ ಅಂಕಿ, ಕಳೆಯುವ ಅಂಕಿಗಳನ್ನು ಜೀವಮಾನವೆಲ್ಲ ನೋಡಿದ್ದ ಮೇಷ್ಟ್ರು ಎದ್ದು ನಡೆಯುವ ಅಂಕಿಯನ್ನು ಕಂಡಿದ್ದು ಅದೇ ಮೊದಲು. ದೇವರ ದರ್ಶನ ಆದವರ ಹಾಗೆ ಮನೆಗೆ ಬಂದರು.

"ಸತ್ತ ಓಟು ಎದ್ದು ನಡಿಯುತ್ತೆ ಕಣೇ!" ಎಂದರು ಹೆಂಡತಿಗೆ.

ವಿಶಾಲಾಕ್ಷಮ್ಮ ಆಗತಾನೆ ದಿಬ್ಬ ಹತ್ತಿಳಿದು ನೀರು ತಂದು ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. "ನಡೆದು ಎಲ್ಲಿಗ್ ಹೋಗುತ್ತಂತೆ? ಬಾವಿ ಹತ್ರ ಹೋಗಿ ಒಂದ್ ಬಿಂದಿಗೆ ನೀರು ತರುತ್ತೇನು?" ಎಂದು ಕೇಳಿದರು.

ಅವರ ಸಿಟ್ಟಿಗೆ ಕಾರಣವಿತ್ತು. ಕೆಳಬೀದಿಯ ಬಾವಿಯ ನೀರು ಉಪ್ಪು. ಅದರಲ್ಲಿ ಬೇಳೆ ಹಾಕಿದರೆ ಸಾಯಂಕಾಲದವರೆಗೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಸಿಹಿನೀರು ಬೇಕಾದರೆ ದಿಬ್ಬ ಹತ್ತಿ ಮೇಲ್ಬೀದಿಗೆ, ನರಸಿಂಹಪ್ಪನವರ ಮನೆ ಮುಂದಿನ ಬಾವಿಗೆ ಹೋಗಬೇಕು. ವಿಶಾಲಾಕ್ಷಮ್ಮನ ಮಂಡಿ ಈ ದಿಬ್ಬದಲ್ಲೇ ಸವೆದಿತ್ತು. ಈಗ ಊರಿಗೆ ನಲ್ಲಿ ನೀರು ಬರುವುದರಲ್ಲಿತ್ತು. ಎರಡೂ ಬೀದಿಗೆ ಸೇರಿ ಒಂದೇ ನಲ್ಲಿ. ಅದು ಎಲ್ಲಿ ನಿಲ್ಲಬೇಕೆಂದು ಬೀದಿಯವರೇ ಆರಿಸಿದ ಮೂರು ಜನರ ಕಮಿಟಿ ಹೇಳಬೇಕು, ಜಗಳ ಮಾಡಿಕೊಂಡರೆ ನಲ್ಲಿ ಬೇರೆ ಬೀದಿಗೆ ಹೋಗುತ್ತದೆ ಎಂದು ಓವರ್ಸಿಯರ್ ಚಲಪತಿ ಹೇಳಿ ಹೋಗಿದ್ದ.

"ಈ ಸಲ ನಲ್ಲಿ ಕೆಳಬೀದಿಗೆ ಬರಲಿಲ್ವೋ, ನಾನು ಗೌರಿಬಿದನೂರಿಗೆ ನಮ್ಮಣ್ಣನ ಮನೆಗೆ ಹೊರಟೆ. ಆಮೇಲೆ ಆ ನಡಿಯೋ ಓಟಿನ ಕೈಲೇ ಸಾರು ಮಾಡಿಸ್ಕೊಳ್ಳಿ" ಎಂದರು ವಿಶಾಲಾಕ್ಷಮ್ಮ. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಮೇಷ್ಟ್ರಿಗೆ ಅನ್ನ ಬಸಿಯಲೂ ಬರುತ್ತಿರಲಿಲ್ಲ.

ಕೈ ಎತ್ತಿ ಆರಿಸಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೇಲ್ಬೀದಿಯದು ಇಪ್ಪತ್ತೈದು ಮನೆ, ಕೆಳಬೀದಿಯದು ಹದಿನಾರು. ನರಸಿಂಹಪ್ಪನವರು ಮೂರು ಹೆಸರು ಹೇಳುತ್ತಾರೆ, ಮೂರಕ್ಕೂ ಇಪ್ಪತ್ತೈದು ಕೈ ಏಳುತ್ತದೆ. ಪಾನಕದ ಕಮಿಟಿ, ಚರಂಡಿ ಕಮಿಟಿ, ಭಜನೆ ಕಮಿಟಿ, ಯಾವುದಾದರೂ ಮೂರಕ್ಕೆ ಮೂರೂ ಮೇಲ್ಬೀದಿಯೇ. ಕೆಳಬೀದಿಯವರು ಹದಿನಾರು ಕೈ ಎತ್ತಿದ್ದಕ್ಕೆ ಕಂಕುಳಿಗೆ ಗಾಳಿಯಾಡಿದ್ದೇ ಲಾಭ.

ಮೇಷ್ಟ್ರು ಮೇಲ್ಬೀದಿಯ ಕೊಂಡಪ್ಪನ ಕಾಫಿ ಹೋಟ್ಲಿನಲ್ಲಿ ಎರಡೂ ಬೀದಿಯವರನ್ನು ಕೂರಿಸಿಕೊಂಡು ಪ್ರಮಾಣಾನುಗುಣ ಪ್ರಾತಿನಿಧ್ಯವೆಂಬುದನ್ನು ವಿವರಿಸಿದರು. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲವಾದ್ದರಿಂದ ಅದಕ್ಕೆ 'ಮೇಷ್ಟ್ರ ಲೆಕ್ಕ' ಎಂದೇ ಹೆಸರಾಯಿತು.

"ನಲವತ್ತೊಂದು ಮನೆ, ಮನೆಗೊಂದು ಓಟು, ಮೂರು ಜಾಗ. ಬರೆಯೋದು ಬೇಡ, ಚೀಟಿ ಬೇಡ. ನಿಮಗೆ ಬೇಕಾದೋರ ಹಿಂದೆ ಹೋಗಿ ಸಾಲಾಗಿ ನಿಂತ್ಕೊಳ್ಳಿ. ಹನ್ನೊಂದು ಜನರ ಸಾಲು ಆದೋನು ಗೆದ್ದ."

"ಹನ್ನೊಂದೇ ಯಾಕೆ ಸಾಮಿ?" ಎಂದ ಕೆಳಬೀದಿಯ ಹಾಲಿನ ಆವುಲಪ್ಪ.

"ಹನ್ನೊಂದರ ಸಾಲು ಮೂರು ಆಗಬಹುದು. ನಾಲ್ಕು ಆಗೋದಿಕ್ಕೆ ನಲವತ್ನಾಲ್ಕು ಜನ ಬೇಕು, ನಾವಿರೋದೇ ನಲವತ್ತೊಂದು. ಹನ್ನೊಂದರ ಮೇಲೆ ನಿಂತೋರು ಹೆಚ್ಚಾದೋರು. ಅವರು ತಮ್ಮ ಎರಡನೇ ಆಸೆ ಯಾರೋ ಅವರ ಹಿಂದೆ ಹೋಗಬೇಕು. ನೋಡಪ್ಪ, ಹದಿನಾರು ಜನ ಒಟ್ಟಿಗಿದ್ರೆ ಒಂದು ಜಾಗ ನಿಮ್ಮದೇ. ಬ್ರಹ್ಮ ಬಂದ್ರೂ ತಪ್ಪಿಸೋಕಾಗಲ್ಲ!"

ಆವುಲಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅದೇ ಹದಿನಾರು ಜನ, ಅದೇ ಇಪ್ಪತ್ತೈದು ಜನ, ಎಣಿಸುವ ರೀತಿ ಬೇರೆಯಾದರೆ ಗೆಲ್ಲುವವರೇ ಬೇರೆ! ಅರ್ಥವಾಗದವರು ತುಂಬ ಇದ್ದರು, ಆದರೆ ಅವರಲ್ಲಿ ಅರ್ಧ ಜನ ಚಿಕ್ಕಂದಿನಲ್ಲಿ ಲೆಕ್ಕ ಬರದೆ ಇದೇ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವರು. ಅರ್ಥವಾಗಲಿಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಉಳಿದದ್ದು ನರಸಿಂಹಪ್ಪನವರ ಒಪ್ಪಿಗೆ. ಅವರು ರೇಷ್ಮೆಗೂಡಿನ ದೊಡ್ಡ ವ್ಯಾಪಾರಿ. ಸಾದಲಿಯಿಂದ ಬರುವ ಗೂಡಿಗೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ ಅಭ್ಯಾಸವಾಗಿ, ಮನಸ್ಸಿನಲ್ಲಿರುವುದನ್ನು ಬಾಯಿಗೆ ತರುವ ಜಾಯಮಾನವೇ ಹೋಗಿಬಿಟ್ಟಿತ್ತು. ಕಾಫಿ ಕುಡಿದು ಮೀಸೆ ಒರೆಸಿಕೊಂಡು, "ನಿಮ್ಮ ಲೆಕ್ಕದಲ್ಲೇ ಆಗ್ಲಿ ಮೇಷ್ಟ್ರೇ. ಕೂಡಿದ್ರೂ ನಾನೇ, ಕಳೆದ್ರೂ ನಾನೇ" ಎಂದಷ್ಟೇ ಹೇಳಿ ಎದ್ದರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಿಸಿನೀರಿಗೂ ಕಾಯದೆ ತಣ್ಣೀರು ಸುರಿದುಕೊಂಡು ಸ್ಕೂಲಿನ ಮೈದಾನಕ್ಕೆ ಹೋದರು. ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ಇಟ್ಟರು. ಕಣದಲ್ಲಿದ್ದವರು ನಾಲ್ವರು. ಮೇಲ್ಬೀದಿಯಿಂದ ನರಸಿಂಹಪ್ಪ, ಹೋಟ್ಲು ಕೊಂಡಪ್ಪ, ಮತ್ತು ರೇಷ್ಮೆ ನೂಲು ತೆಗೆಯುವ ಚರಕಗಳನ್ನಿಟ್ಟು ಬೀದಿಯನ್ನೆಲ್ಲ ಬಾಯಲ್ಲೇ ಆಳುತ್ತಿದ್ದ ಅಮ್ಮಾಜಮ್ಮ. ಕೆಳಬೀದಿಯಿಂದ ಆವುಲಪ್ಪ ಒಬ್ಬನೇ. ಓವರ್ಸಿಯರ್ ಚಲಪತಿ ಮೊದಲ ಬಸ್ಸಿಗೇ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದಿದ್ದ. ನರಸಿಂಹಪ್ಪನವರ ಮನೆಯಲ್ಲಿ ತಿಂಡಿ ಮುಗಿಸಿ, ಅವರ ಜೊತೆಯಲ್ಲೇ ಮೈದಾನಕ್ಕೆ ಬಂದು ಕುರ್ಚಿಯ ಮೇಲೆ ಕೂತ.

"ಹೋಗಿ, ನಿಂತ್ಕೊಳ್ಳಿ!" ಎಂದು ಮೇಷ್ಟ್ರು ಸೀಟಿ ಊದಿದರು.

ಕೆಳಬೀದಿಯ ಮನೆಯವರೆಲ್ಲ ಆವುಲಪ್ಪನ ಹಿಂದೆ ನಿಂತರು. ಮೇಷ್ಟ್ರೂ ಒಂದು ಮನೆಯ ಯಜಮಾನರಾದ್ದರಿಂದ ಸಾಲಿನ ಕೊನೆಯಲ್ಲಿ ನಿಂತು ಹದಿನಾರನೆಯವರಾದರು. ಮೇಲ್ಬೀದಿಯವರು ಅಭ್ಯಾಸಬಲದಿಂದ ಒಬ್ಬರನ್ನೊಬ್ಬರು ತಳ್ಳಿಕೊಂಡು ನರಸಿಂಹಪ್ಪನವರ ಹಿಂದೆ ನಿಂತರು. ಕೊಂಡಪ್ಪನ ಹಿಂದೆ ಕೊಂಡಪ್ಪನ ನೆರಳು, ಅಮ್ಮಾಜಮ್ಮನ ಹಿಂದೆ ಅಮ್ಮಾಜಮ್ಮನ ನೆರಳು.

ಮೇಷ್ಟ್ರು ಎಣಿಸಿದರು. "ನರಸಿಂಹಪ್ಪನವರೂ ಸೇರಿ ಇಪ್ಪತ್ಮೂರು. ಹನ್ನೊಂದು ಸಾಕು. ಹನ್ನೆರಡು ಜನ ಹೆಚ್ಚಾದೋರು ಈಚೆ ಬನ್ನಿ."

ಯಾರೂ ಬರಲಿಲ್ಲ.

"ಯಾರಯ್ಯ ಹೆಚ್ಚಾದೋರು?" ಎಂದ ಸಾಲಿನ ನಡುವಿದ್ದ ನಲ್ಲಪ್ಪ. ಅವನು ನರಸಿಂಹಪ್ಪನವರ ದೂರದ ನೆಂಟ. "ನಾನು ಹುಟ್ಟಿದಾಗಿಂದ ಅವರ ಮನೇಲಿ ಉಂಡೋನು. ನಾನು ಹೆಚ್ಚಾದೋನಾ?"

"ಹಂಗಾದ್ರೆ ನಾನಾ?" ಎಂದ ಅವನ ಹಿಂದಿನವನು. "ಅವರ ಮಗಳ ಮದುವೇಲಿ ನೂರು ಎಲೆ ಎತ್ತಿದೀನಿ!"

"ಹಿಂದೆ ನಿಂತೋರು ಹೋಗ್ಲಿ" ಎಂದು ಮುಂದಿನವರು, "ಮೂಗು ತೂರಿಸ್ಕೊಂಡು ಮುಂದೆ ಬಂದೋರು ಹೋಗ್ಲಿ" ಎಂದು ಹಿಂದಿನವರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂತವರನ್ನು ಎಬ್ಬಿಸಿದ ಹಾಗಾಯಿತು. ಇಡೀ ಬೀದಿಯ ಮುಂದೆ ಹೆಚ್ಚಾದವನು ಎನ್ನಿಸಿಕೊಂಡು ಈಚೆ ಬರುವುದೆಂದರೆ ಮಾನ ಹೋದಂತೆಯೇ ಸರಿ. ನಲ್ಲಪ್ಪನ ಅಂಗಿ ಹರಿಯಿತು. ಮೇಷ್ಟ್ರ ಸೀಟಿ ಯಾರದೋ ಕಾಲ ಕೆಳಗೆ ಸಿಕ್ಕಿ ಚಪ್ಪಟೆಯಾಯಿತು.

ನರಸಿಂಹಪ್ಪನವರು ಕೈ ಎತ್ತಿದರು. "ಸಾಕು ನಿಲ್ಸಿ. ಎಲ್ರೂ ಗೆರೆ ಆಚೆ ಹೋಗಿ, ಮೊದ್ಲಿಂದ ಬನ್ನಿ. ಯೋಚನೆ ಮಾಡಿ ನಿಂತ್ಕೊಳ್ಳಿ."

ಎಲ್ಲರೂ ಗೆರೆಯಾಚೆ ಹೋಗಿ ಯೋಚನೆ ಮಾಡಿದರು. ಮೇಲ್ಬೀದಿಯಲ್ಲಿ ಯಾರೂ ಯೋಚನೆ ಮಾಡುವ ಪದ್ಧತಿ ಇರಲಿಲ್ಲ, ಅದಕ್ಕೇ ಎಲ್ಲರಿಗೂ ಒಂದೇ ಯೋಚನೆ ಬಂತು. ಯಜಮಾನರ ಹಿಂದೆ ಜನ ಹೇಗೂ ತುಂಬಿಕೊಳ್ಳುತ್ತಾರೆ. ಅಲ್ಲಿ ಹೋಗಿ ಕತ್ತು ಹಿಡಿಸಿಕೊಂಡು ಈಚೆ ಬರುವುದಕ್ಕಿಂತ ಮೊದಲೇ ಬೇರೆಯವರ ಹಿಂದೆ ಮರ್ಯಾದೆಯಾಗಿ ನಿಲ್ಲುವುದು ವಾಸಿ.

ಸೀಟಿ ಇಲ್ಲದ್ದರಿಂದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಜನ ಹೋಗಿ ನಿಂತರು. ಮೇಷ್ಟ್ರು ಎಣಿಸಿದರು, ಕಣ್ಣೊರೆಸಿಕೊಂಡು ಇನ್ನೊಂದು ಸಲ ಎಣಿಸಿದರು.

ಅಮ್ಮಾಜಮ್ಮನ ಸಾಲು ಸರಿಯಾಗಿ ಹನ್ನೊಂದು. ಕೊಂಡಪ್ಪನದು ಏಳು. ನರಸಿಂಹಪ್ಪನವರದೂ ಏಳು.

ಸ್ವಲ್ಪ ಹೊತ್ತಿಗೆ ಮುಂಚೆ ಇಪ್ಪತ್ಮೂರು ಜನ ನಿಂತಿದ್ದ ಕಡೆ ಈಗ ಏಳು. ಯಾರೂ ಅವರ ಮೇಲೆ ಮುನಿದಿರಲಿಲ್ಲ, ಯಾರೂ ಚಾಡಿ ಹೇಳಿರಲಿಲ್ಲ, ಒಂದು ಬೀಡಿಯೂ ಹಂಚಿರಲಿಲ್ಲ. ಬೆಟ್ಟ ತಾನಾಗೇ ಕರಗಿತ್ತು. ಸಾಲುಗಳಲ್ಲಿದ್ದವರು ಅತ್ತಿತ್ತ ನೋಡಿ ತಮ್ಮ ಕಾಲಿಂದಲೇ ಇದಾಯಿತೆಂದು ನಂಬಲಾರದೆ ಕಾಲು ನೋಡಿಕೊಂಡರು.

"ಏಮಯ್ಯಾ ಇದಿ!" ಎಂದು ಅಮ್ಮಾಜಮ್ಮ ತೆಲುಗಿನಲ್ಲೇ ಕೂಗಿ ಕೆನ್ನೆ ಬಡಿದುಕೊಂಡಳು. "ನಾನು ಗೆದ್ದುಬಿಟ್ನಾ ಸಾಮಿ? ನಾನು ಸುಮ್ನೆ ಬಿಸ್ಲಲ್ಲಿ ನಿಂತಿದ್ದೆ!"

"ಗೆದ್ದಿದೀಯಮ್ಮ" ಎಂದರು ಮೇಷ್ಟ್ರು. "ಆವುಲಪ್ಪನೂ ಗೆದ್ದ. ಅವನ ಸಾಲಲ್ಲಿ ಹದಿನಾರು. ಐದು ಜನ ಹೆಚ್ಚು. ಮೂರನೇ ಜಾಗ ನರಸಿಂಹಪ್ಪನೋರಿಗೋ ಕೊಂಡಪ್ಪನಿಗೋ ಅಂತ ಆ ಐದು ಜನ ಹೇಳ್ತಾರೆ. ಹನ್ನೊಂದು ತುಂಬದಿದ್ರೂ ಸರಿ, ಇಬ್ಬರಲ್ಲಿ ಯಾರ ಸಾಲು ಉದ್ದವೋ ಅವರು ಗೆದ್ರು."

ಮೇಲ್ಬೀದಿಯ ದೊಡ್ಡ ಮನುಷ್ಯನ ಹಣೆಬರಹ ಕೆಳಬೀದಿಯ ಐವರ ಕೈಲಿ! ಆವುಲಪ್ಪನ ಸಾಲಿನವರಿಗೆ ಮೈ ಜುಮ್ಮೆಂದಿತು. ಆದರೂ ಹೆಚ್ಚಾದವರಾಗಲು ಇಲ್ಲೂ ಯಾರೂ ತಯಾರಿರಲಿಲ್ಲ. ಮತ್ತೆ ಅಂಗಿ ಹರಿಯುವ ಹೊತ್ತು ಬಂತೆಂದು ತಿಳಿದು ಮೇಷ್ಟ್ರು ತಾವೇ ಸಾಲಿನಿಂದ ಈಚೆ ಬಂದು ಎದೆ ತಟ್ಟಿಕೊಂಡರು.

"ಇದರಲ್ಲಿ ಅವಮಾನ ಏನ್ರಯ್ಯ? ನಾನೇ ಹೆಚ್ಚಾದೋನು! ನನ್ ಜೊತೆ ನಾಲ್ಕು ಜನ ಬನ್ನಿ!"

ಮೇಷ್ಟ್ರೇ ಹೆಚ್ಚಾದ ಮೇಲೆ ಅದು ಗೌರವವೇ ಇರಬೇಕೆಂದು ನಾಲ್ವರು ಬಂದರು. ನರಸಿಂಹಪ್ಪನವರ ಹಿಪ್ಪುನೇರಳೆ ತೋಟದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ತಲೆ ತಗ್ಗಿಸಿಕೊಂಡು ಅವರ ಹಿಂದೆ ನಿಂತರು. ದಿನಾ ಕೊಂಡಪ್ಪನ ಹೋಟ್ಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಇಬ್ಬರು ಇಡ್ಲಿಯ ಋಣಕ್ಕೆ ಕೊಂಡಪ್ಪನ ಹಿಂದೆ ನಿಂತರು. ಅಲ್ಲಿಗೆ ಅತ್ತ ಒಂಬತ್ತು, ಇತ್ತ ಒಂಬತ್ತು.

ಮಧ್ಯದಲ್ಲಿ ಅನಂತರಾಮಯ್ಯನವರು ಒಬ್ಬರೇ ಉಳಿದರು.

ಎಲ್ಲರ ಕಣ್ಣೂ ಅವರ ಮೇಲೆ. ಕೊಂಡಪ್ಪ ಎರಡು ಕೈಯನ್ನೂ ಜೋಡಿಸಿ ನಿಂತಿದ್ದ. ನರಸಿಂಹಪ್ಪನವರು ಎಲ್ಲೋ ದೂರ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು.

ಮೇಷ್ಟ್ರಿಗೆ ಪಾನಕದ ಕಮಿಟಿ ಜ್ಞಾಪಕ ಬಂತು, ಚರಂಡಿ ಕಮಿಟಿ ಜ್ಞಾಪಕ ಬಂತು, ದಿಬ್ಬ ಹತ್ತುವ ಹೆಂಡತಿಯ ಮಂಡಿ ಜ್ಞಾಪಕ ಬಂತು. ಈ ಮನುಷ್ಯ ಕಮಿಟಿಯಲ್ಲಿ ಕೂತರೆ ಮಿಕ್ಕವರು ಬಾಯಿ ಬಿಡುವುದುಂಟೆ? ಇದು ಒಂದು ಕಾರಣ. ನಿಜವಾದ ಕಾರಣ ಬೇರೆ. ಒಬ್ಬ ಬಡ ಮೇಷ್ಟ್ರು ಒಂದು ಹೆಜ್ಜೆ ಇಟ್ಟರೆ ಬೆಟ್ಟ ಬೀಳುತ್ತದೆ ಎಂದು ಲೆಕ್ಕ ಹೇಳುತ್ತಿತ್ತು, ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಅವರಿಗೆ ಪ್ರಾಣ ಹೋಗುವಷ್ಟು ಆಸೆಯಾಗಿತ್ತು. ಬಲಗಾಲು ತಾನಾಗಿ ಎದ್ದಿತು. ಅವರು ಕೊಂಡಪ್ಪನ ಹಿಂದೆ ಹೋಗಿ ನಿಂತರು.

ಬೆಟ್ಟ ಬಿತ್ತು. ಒಂದು ಎಲೆಯೂ ಅಲ್ಲಾಡಲಿಲ್ಲ.

ನರಸಿಂಹಪ್ಪನವರು ನಿಧಾನವಾಗಿ ಮೇಷ್ಟ್ರ ಹತ್ತಿರ ಬಂದರು. ಹೊಡೆಯುತ್ತಾರೇನೋ ಎಂದು ಮೇಷ್ಟ್ರು ಕನ್ನಡಕ ತೆಗೆದು ಕೈಲಿ ಹಿಡಿದುಕೊಂಡರು.

"ಮೇಷ್ಟ್ರೇ, ನನ್ ಮೇಲೆ ಯಾರಿಗಾದ್ರೂ ಸಿಟ್ಟಿತ್ತಾ?"

"ಯಾರಿಗೂ ಇಲ್ಲ, ನರಸಿಂಹಪ್ಪನೋರೇ."

"ಮತ್ತೆ ನಾನು ಸೋತಿದ್ದು ಹೆಂಗೆ?"

"ಎಲ್ರಿಗೂ ನೀವೇ ಬೇಕಾಗಿತ್ತು. ಅದಕ್ಕೇ ಯಾರೂ ನಿಲ್ಲಲಿಲ್ಲ" ಎಂದರು ಮೇಷ್ಟ್ರು. ಹೇಳುತ್ತಿದ್ದಂತೆ ಅವರ ಕಣ್ಣಲ್ಲೇ ನೀರು ಬಂತು, ಅಷ್ಟು ಸೊಗಸಾಗಿತ್ತು ಲೆಕ್ಕ.

ನರಸಿಂಹಪ್ಪನವರು ತುಂಬ ಹೊತ್ತು ತಲೆ ಆಡಿಸಿದರು. "ಭಾಳ ದೊಡ್ಡ ಲೆಕ್ಕ ಬಿಡಿ" ಎಂದು ಮೆಚ್ಚಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದರು. ಸೋತವನು ಮೆಚ್ಚಿಕೊಂಡು ಹೋದ ಚುನಾವಣೆಯನ್ನು ಶಿಡ್ಲಘಟ್ಟ ಅದುವರೆಗೆ ನೋಡಿರಲಿಲ್ಲ.

ಕೆಳಬೀದಿಯವರು ಆವುಲಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆದರೆ ಚಲಪತಿ ಗಡಿಯಾರ ನೋಡಿಕೊಂಡ. "ಕಮಿಟಿಯೋರು ಇಲ್ಲೇ ಜಾಗ ತೀರ್ಮಾನ ಮಾಡ್ಬಿಡಿ. ನಾನು ಚಿಕ್ಕಬಳ್ಳಾಪುರದ ಬಸ್ ಹಿಡೀಬೇಕು."

ಮೂವರೂ ಸ್ಕೂಲಿನ ಜಗಲಿಯ ಮೇಲೆ ಕೂತರು.

"ಕೆಳಬೀದೀಲಿ ಹಾಕ್ಬೇಕು" ಎಂದ ಆವುಲಪ್ಪ, ಎದೆ ಸೆಟೆಸಿ.

"ನನ್ ಹೋಟ್ಲು ಮುಂದೆ" ಎಂದ ಕೊಂಡಪ್ಪ. "ದಿನಕ್ಕೆ ಇಪ್ಪತ್ತು ಕೊಡ ನೀರು ಹೊರಿಸ್ತೀನಿ. ನನ್ ಕಷ್ಟ ಯಾರಿಗ್ ಹೇಳ್ಲಿ?"

"ಹೋಟ್ಲು ಪಕ್ಕಾನೇ ನನ್ ಚರಕದ ಶೆಡ್ಡು" ಎಂದಳು ಅಮ್ಮಾಜಮ್ಮ. "ಗೂಡು ಬೇಯ್ಸಕ್ಕೆ ನೀರು ಎಷ್ಟಿದ್ರೂ ಸಾಲದು. ನಂದೂ ಅಲ್ಲಿಗೇ."

"ಎರಡು, ಒಂದು. ಹೋಟ್ಲು ಮುಂದೆ" ಎಂದ ಚಲಪತಿ.

ಮೇಷ್ಟ್ರು ಜಗಲಿಗೆ ಹಾರಿ ಬಂದರು. "ಹಾಗಲ್ಲ, ಹಾಗಲ್ಲ! ಇದಕ್ಕೂ ಪ್ರಮಾಣ ಅಂತ ಒಂದಿದೆ! ಹದಿನಾರು ಮನೆಯೋರಿಗೆ ಅವರ ಪಾಲು ಬರಬೇಡವೇ?"

"ಪಾಲು ಕೊಡೋಕೆ ನಲ್ಲೀನ ಸೀಳಕ್ಕಾಗುತ್ತಾ ಸಾಮಿ?" ಎಂದಳು ಅಮ್ಮಾಜಮ್ಮ.

ನಿಜ ಹೇಳಬೇಕೆಂದರೆ, ಗೆಲ್ಲುವ ತನಕದ ಲೆಕ್ಕವನ್ನೆಲ್ಲ ಮಾಡಿದ್ದ ಮೇಷ್ಟ್ರು ಗೆದ್ದ ಮೇಲಿನ ಲೆಕ್ಕವನ್ನು ಮಾಡಿರಲೇ ಇಲ್ಲ. ಚಲಪತಿ ಮಾತ್ರ ತಲೆ ಕೆರೆದುಕೊಂಡು, "ಹೋಟ್ಲು ಮುಂದೆನಾ? ನಾನೇನೋ ಅಂದ್ಕೊಂಡಿದ್ದೆ... ಸರಿ ಬಿಡಿ, ಕಮಿಟಿ ಹೇಳಿದ್ ಮೇಲೆ ಮುಗೀತು" ಎಂದು ಎದ್ದು, ಕೆಳಬೀದಿಯ ಕಡೆ ಯಾರನ್ನೋ ಓಡಿಸಿದ.

ಆವುಲಪ್ಪನನ್ನು ಹೊತ್ತಿದ್ದವರು ಈಗ ಅವನನ್ನು ನಡೆಸಿಕೊಂಡೇ ಹೋದರು. ಮೇಷ್ಟ್ರು ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತಾ, ಗೌರಿಬಿದನೂರಿನ ಭಾವಮೈದುನನಿಗೆ ಏನು ಹೇಳುವುದೆಂದು ಯೋಚಿಸುತ್ತಾ ಮನೆ ಸೇರಿದರು.

ಅವರ ಮನೆಯ ಬಾಗಿಲ ಮುಂದೆ ಸೊಂಟದಾಳದ ಗುಂಡಿ ಇತ್ತು. ಗುಂಡಿಯ ಸುತ್ತ ವಿಶಾಲಾಕ್ಷಮ್ಮ ಹಬ್ಬದ ದಿನದಂತೆ ದೊಡ್ಡ ರಂಗೋಲಿ ಬಿಟ್ಟು ಅರಿಸಿನ ಕುಂಕುಮ ಹಾಕಿದ್ದರು. ಬಸ್ಸಿನಲ್ಲಿ ಬಂದಿದ್ದ ಇಬ್ಬರು ಆಳುಗಳು ಆ ರಂಗೋಲಿಯನ್ನೆಲ್ಲ ತುಳಿದುಕೊಂಡು ಗುಂಡಿಗೆ ಮಣ್ಣು ಎಳೆಯುತ್ತಿದ್ದರು.

"ಇದೇನಪ್ಪ ಇದು?" ಎಂದರು ಮೇಷ್ಟ್ರು.

"ನಲ್ಲಿ ಗುಂಡಿ ಸಾಮಿ" ಎಂದ ಒಬ್ಬ ಆಳು, ಬೆವರೊರೆಸಿಕೊಂಡು. "ನೀವು ಮೈದಾನಕ್ಕೆ ಹೋದ್ ಮೇಲೆ ನರಸಿಂಹಪ್ಪನೋರೇ ಬಂದು ಜಾಗ ತೋರ್ಸಿ ತೋಡಿಸಿದ್ರು. ಕೆಳಬೀದಿ ಹೆಂಗಸ್ರು ಬೆಳಗಿನ್ ಜಾವದಿಂದ ಅವರ ಮನೆ ಮುಂದೆ ಬಾವಿ ರಾಟೆ ಕಿರುಗುಟ್ಟಿಸಿ ಜಗಳ ಆಡಿ, ಅವರು ನಿದ್ದೆ ಮಾಡಿ ವರ್ಷಗಳಾಯ್ತಂತೆ. 'ನಲ್ಲಿ ಮೇಷ್ಟ್ರ ಬಾಗಿಲಿಗೇ ಹಾಕ್ಬಿಡಿ, ಕಮಿಟೀಲಿ ಹೆಂಗೂ ನಾನಿರ್ತೀನಿ' ಅಂದಿದ್ರು. ಈಗ ಅವರು ಸೋತ್ರಂತಲ್ಲ, ಮುಚ್ಚಿ ಅಂತ ಓವರ್ಸಿಯರು ಹೇಳಿ ಕಳ್ಸಿದಾರೆ."

ಮೇಷ್ಟ್ರ ತಲೆಯಲ್ಲಿ ಲೆಕ್ಕ ತಾನಾಗಿ ನಡೆಯಿತು. ಒಂದು ಹೆಜ್ಜೆ ಆ ಕಡೆ ಇಟ್ಟಿದ್ದರೆ ನರಸಿಂಹಪ್ಪನವರು ಒಂದು, ಆವುಲಪ್ಪ ಒಂದು, ಒಟ್ಟು ಎರಡು. ಅಮ್ಮಾಜಮ್ಮ ಒಬ್ಬಳೇ. ಉತ್ತರ ಸರಿಯಾಗಿತ್ತು. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ವಿಶಾಲಾಕ್ಷಮ್ಮ ಹೊಸಿಲ ಮೇಲೆ ನಿಂತಿದ್ದರು. ಅವರ ಪೆಟ್ಟಿಗೆ ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು.

"ದೇವರಂಥಾ ಮನುಷ್ಯ! ಒಂದೇ ಒಂದು ಓಟಲ್ಲಿ ಸೋತ್ರಂತೆ" ಎಂದರು ಅಳುತ್ತಾ. "ಕೊನೇಲಿ ಯಾವನೋ ಒಬ್ಬ ಕೊಂಡಪ್ಪನ ಹಿಂದೆ ಹೋಗಿ ನಿಂತ್ನಂತಲ್ರೀ. ಯಾವ ಮುಂಡೇದ್ರೀ ಅದು? ಅವನ ಕಾಲು ಸೇದೋಗ!"

ಅನಂತರಾಮಯ್ಯನವರು ಬಲಗಾಲನ್ನು ಮೆಲ್ಲಗೆ ಎಡಗಾಲಿನ ಹಿಂದಕ್ಕೆ ಸರಿಸಿಕೊಂಡರು.

"ಬಿಂದಿಗೆ ಇಲ್ಲಿ ಕೊಡೇ" ಎಂದರು. "ಇನ್ಮೇಲೆ ನೀರು ನಾನೇ ತರ್ತೀನಿ."